ಅಂಟು

ಸುಣ್ಣಕ್ಕ ಅಂಟು ಕುದಿಸಿ ಹಾಕದಿದ್ರೂ
ಗ್ವಾಡಿ ಬೆಳ್ಳಗ ಕಾಣತೈತಿ, ಖರೆ.
ಬೆನ್ನು ಆನಿಸಿ ಕುಂತವನ ಅಂಗಿಗೆ
ಗ್ವಾಡಿ ಎದ್ದು ಬರತೈತಿ.
ಇದು ನಮ್ಮಪ್ಪ ಗಜೇಂದ್ರಗಡದಾಗ ಕಲಿಸಿದ್ದು.
ವಾಸ್ಕೋಕ್ಕ ಬಂದು ಇಪ್ಪತ್ತಾರು ವರ್ಷ,
ಮ್ಯಾಲ ಏನೂ ಕಲತಿಲ್ಲ.

ಜಯವಂತಬಾಬ್,
ನನ್ನಷ್ಟು ಸಲ ನಿಮ್ಮ ಹೆಸರು
ನೀವೂ ಬರದಿರಾಕಿಲ್ಲ.
ಬೈನಾದ ಸಂಡಾಸದ ಗ್ವಾಡಿಗೆ,
ಮಂಗೋರ ಹಿಲ್ ತಿರುವಿನ ಕಂಪೌಂಡಿಗೆ,
ಝುವಾರಿನಗರದ ನೀರಿನ ಟಾಕಿಗೆ, ಏಣಿ ಹಚ್ಚಿ,
ಮೂರು ಲಿಪಿಯಾಗ.
ಹೆಸರಿನ ಕೆಳಗ ಪಕ್ಷದ ಗುರುತು: ಹುಟ್ಟು.
ಮಗಳು ಸಣ್ಣಾಕಿದ್ದಾಗ ಕೇಳಿದ್ಲು,
ಇದು ಹುಟ್ಟೂ ಹುಟ್ಟೋ, ದೋಣಿ ಹುಟ್ಟೋ?
ಎರಡೂ, ಅಂದಿದ್ದೆ.
ಹಂಗ ನಂಬಿದ್ದೆ. ಈಗ್ಲೂ ನಂಬೀನಿ,
ಅದ ತ್ರಾಸ.

ಬಂದರದಿಂದ ಕಲ್ಲಿದ್ದಲಿ ಪುಡಿ ಹಾರಿ ಬರತೈತಿ.
ಗೌರವ್ವ ಒಣಹಾಕಿದ ಧೋತರ
ಸಂಜಿಗೆ ಮಡಚೂ ಹೊತ್ತಿಗೆ
ಮಡಿಕಿಗೊಂದು ಕರೇ ಗೆರಿ.
ಮೊನ್ನೆ ಮಂಗಳವಾರ ಟಿವಿಯಾಕಿ ನಿಮ್ಮನ್ನ ಕೇಳಿದ್ಲು:
ಕಲ್ಲಿದ್ದಲು ಬೇಕೋ, ಬ್ಯಾಡೋ?
ಚಹಾದಂಗಡಿಯಾಗ ನಾವು ಹನ್ನೊಂದು ಮಂದಿ.
ಬಶ್ಯಾ ಚಹಾದಾಗ ಬಿಸ್ಕೀಟು ಅದ್ದಿ
ಅದ್ದಿದಾಂಗ ಹಿಡಕೊಂಡು ಕುಂತ.
ನೀವಂದ್ರಿ:
ಒಂದು ಕಡೆಯಿಂದ ನೋಡಿದ್ರ ಜನರ ಆರೋಗ್ಯ,
ಇನ್ನೊಂದು ಕಡೆಯಿಂದ ನೋಡಿದ್ರ ಉದ್ಯೋಗ,
ಮ್ಯಾಲಿನವ್ರು ಕುಂತು ಮಾತಾಡ್ತಾರ, ನೋಡೋಣ.
ಬಿಸ್ಕೀಟು ಮುರದು ಗ್ಲಾಸಿನ್ಯಾಗ ಬಿತ್ತು.
ಯಾರೂ ನಗಲಿಲ್ಲ.

ಬ್ಯಾಡ ಅನ್ರಿ. ಇಲ್ಲಾ, ಬೇಕು ಅನ್ರಿ.
ಬೇಕಂದ್ರ ನಿಮ್ಮ ಮನಿ ಮುಂದ ಬಂದು ಒದರೇನು,
ಬಾಗಲಾ ಬಡದು ಜಗಳಾ ತಗದೇನು.
ನೋಡೋಣ ಅನ್ನೂದರ ಕೂಡ
ಹ್ಯಾಂಗ ಜಗಳಾಡ್ಲಿ?
ಹಿಡದು ಕೇಳಾಕ ಅದಕ್ಕ ಕಾಲರ್ ಇಲ್ಲ.

ಎದುರಿನ ಪಕ್ಷದ ಆ ಇನಾಸಿಯೊ
ಅನ್ನೂದು ಒಂದೂ ನನಗ ಹಿಡಸೂದಿಲ್ಲ.
ನಮ್ಮನ್ನ ಘಾಂಟಿ ಅಂತಾನ,
ಗಂಟು ಕಟ್ರಿ, ವಾಪಸ್ ಹೋಗ್ರಿ ಅಂತಾನ.
ಹೋದ ವಾರ ಜಡಿಮಳಿಯಾಗ, ಮೈಕ್ ಕೆಟ್ಟು,
ಛತ್ರಿ ಹಿಡಿಯಾಕ ಬಂದ ಹುಡುಗನ್ನ ದೂಡಿ
ನಮ್ಮ ಓಣಿ ಬಾಯಾಗ ನಿಂತ ಅದನ್ನ ಅಂದ,
ನಮ್ಮ ಮುಖಾ ನೋಡಿ.
ನಾ ಕಲ್ಲು ಹುಡುಕಿದೆ. ಸಿಕ್ಕಿತು.
ಎತ್ತಿದ ಕೈಯಾಗ ಕಲ್ಲಿದ್ದಾಗ
ಒಂದು ಹಲ್ಕಾ ವಿಚಾರ ಬಂತು:
ಇಷ್ಟು ತೊಯ್ಯೂ ಮನಸು ನಮ್ಮಾಂವಗ ಇದ್ದಿದ್ರ!
ಕಲ್ಲು ಬಿಟ್ಟೆ.
ರಾತ್ರಿ ರೊಟ್ಟಿ ಇಳೀಲಿಲ್ಲ.
ಜ್ವರ ಅಂತ ಗೌರವ್ವಗ ಸುಳ್ಳು ಹೇಳಿದೆ.

ಪಕ್ಷಾ ಬಿಡು, ಅಂತಾನ ಬಶ್ಯಾ.
ಅವ ಆಗ ಇಲ್ಲಿದ್ದಿಲ್ಲ.
ಉಸುಕಿನ ಮ್ಯಾಲಿನ ನಮ್ಮ ಮನಿ ಕೆಡವಾಕ
ಬುಲ್ಡೋಜರ್ ಬಂದ ದಿವಸ
ನಿಮ್ಮ ಪಕ್ಷದ ಮುದುಕ ಕಾಶಿನಾಥ ಮಾಸ್ತರ
ಚಪ್ಪಲಿ ಬಿಟ್ಟು, ದೇವರ ಮುಂದ ಕುಂತಾಂಗ
ಅದರ ಮುಂದ ಕುಂತ್ರು.
ಮನಿ ಉಳೀಲಿಲ್ಲ.
ಮಾಸ್ತರ ಚಪ್ಪಲಿನೂ ಉಳೀಲಿಲ್ಲ, ಯಾರೋ ಒಯ್ದಿದ್ರು.
ಕಾದ ಡಾಂಬರದ ಮ್ಯಾಲ ಹೆಜ್ಜಿ ಎತ್ತಿ ಇಡಕೋತ
ಪಣಜಿ ಬಸ್ಸು ಹತ್ತಿದ್ರು.
ಆ ಬರಿಗಾಲಿಗೆ
ನಾ ಇನ್ನೂ ವೋಟು ಹಾಕಾಕತ್ತೀನಿ, ಜಯವಂತಬಾಬ್.
ನಿಮಗಲ್ಲ. ತಪ್ಪು ತಿಳಕೋಬ್ಯಾಡ್ರಿ.

ನಾಳೆ ಸಂಜಿಗೆ ಸಭಾ.
ಕುರ್ಚಿ ಹಾಕಾಂವ ನಾನ, ಮುಂದಿನ ಸಾಲಿನ್ಯಾಗ ನಿಲ್ಲಾಂವ ನಾನ.
ಸೋಲ್ತೀರಿ ಅಂತಾರ ಮಂದಿ.
ಸೋಲ್ರಿ, ಹೇಳಿ ಸೋಲ್ರಿ.
ಹೇಳದ ಗೆದ್ದವರ ಹೆಸರು
ಮುಂದಿನ ಸುಣ್ಣಕ್ಕ ಮುಚ್ಚಿ ಹೋಗೂದು
ನಾ ಎಷ್ಟು ನೋಡಿಲ್ಲ, ನನ್ನ ಕೈಲೆ ಎಷ್ಟು ಮುಚ್ಚಿಲ್ಲ.

ಈ ಗ್ವಾಡಿಗೆ ನಿಮ್ಮ ಹೆಸರು ಆತು,
ಹುಟ್ಟಿನ ಹಿಡಿಕಿ ಆತು,
ಅಲಗು ಬಾಕಿ ಐತಿ.
ನಾಳೆ ನೀವು ಏನಂತೀರಿ ಕೇಳಿ ಬರೀತೀನಿ.
ಇಲ್ಲ, ಸುಳ್ಳು. ಹ್ಯಾಂಗೂ ಬರೀತೀನಿ,
ನನಗ ನನ್ನ ಸುದ್ದಿ ಗೊತ್ತು.
ಒಲಿ ಮ್ಯಾಲ ಅಂಟು ಕುದಿಯಾಕಿಟ್ಟು ಬಂದೀನಿ.